ಪಾರ್ಲರ್ ಮೇಲೆ ದೂರಿದ್ದರೆ ಪಾರ್ಲರ್ ಹೆಸರು ಹೇಳಿ

ಕಳೆದ ಸಂಚಿಕೆಯಲ್ಲಿ ಕೂದಲು ಸ್ಟ್ರೇಟ್ನಿಂಗ್ ಮಾಡಿಸಲು ಹೋಗಿ ನೆತ್ತಿ ಸುಟ್ಟುಕೊಂಡವರೊಬ್ಬರ ಪ್ರಶ್ನೆಗೆ ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಜಾಸ್ತಿ ಚರ್ಚೆ ಆಗಿದ್ದು ಹಚ್ಚಿದ ಕ್ರೀಮಿನ ಬಗ್ಗೆ ಅಲ್ಲ, ಹಚ್ಚಿದ ಹುಡುಗಿ ಯಾವ ರಾಜ್ಯದವಳು ಅನ್ನೋದರ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಜಾಗ ಇದೇ ವಿಷಯಕ್ಕೆ.

ಪ್ರಶ್ನೆ: ಮೇಡಂ, ನಮ್ಮ ಮೇಲಿನ ಮನೆಯವರು ಹತ್ತಿರದ ಪಾರ್ಲರ್‌ನಲ್ಲಿ ಬ್ಲೀಚ್, ಫೇಶಿಯಲ್ ಮಾಡಿಸಿಕೊಂಡು ಬಂದರು. ಮಾರನೇ ದಿನ ಮುಖವೆಲ್ಲಾ ಕೆಂಪು, ಗುಳ್ಳೆ. ಅವರು ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ "ಈ ನಾರ್ತ್ ಈಸ್ಟ್ ಹುಡುಗಿಯರಿಗೆ ಲೈಸೆನ್ಸೂ ಇಲ್ಲ, ಟ್ರೈನಿಂಗೂ ಇಲ್ಲ, ಯಾರೂ ಹೋಗಬೇಡಿ" ಅಂತ ಹಾಕಿದರು. ನಾನು "ಹಾಗೆಲ್ಲ ಬರೀಬೇಡಿ" ಅಂದೆ. "ಹಾಗಾದ್ರೆ ಲೈಸೆನ್ಸ್ ಇಲ್ಲದೆ ಕೆಲಸ ಮಾಡೋದು ಸರಿನಾ?" ಅಂತ ಎಲ್ಲರೂ ನನ್ನ ಮೇಲೇ ಬಿದ್ದರು. ನಾನು ಏನು ಹೇಳಬೇಕಿತ್ತು?
– ಓದುಗರು, ಸಹಕಾರನಗರ, ಬೆಂಗಳೂರು

ಉತ್ತರ: ಯಾರ ಲೈಸೆನ್ಸ್ ಅಂತ ಕೇಳಬೇಕಿತ್ತು. ನಮ್ಮ ದೇಶದಲ್ಲಿ ಬ್ಯೂಟಿಷಿಯನ್ ಕೆಲಸ ಮಾಡಲು ವ್ಯಕ್ತಿಗೆ ಅಂತ ಕೊಡುವ ಕಡ್ಡಾಯ ಲೈಸೆನ್ಸೇ ಇಲ್ಲ. ಡಾಕ್ಟರಿಗೆ, ನರ್ಸಿಗೆ, ಫಾರ್ಮಸಿಸ್ಟಿಗೆ ನೋಂದಣಿ ಇದೆ. ಐಬ್ರೋ ಮಾಡುವವರಿಗೆ ಇಲ್ಲ. ಐಟಿಐನಲ್ಲಿ ಕಾಸ್ಮೆಟಾಲಜಿ ಅನ್ನೋ ಒಂದು ವರ್ಷದ ಟ್ರೇಡ್ ಇದೆ, ಕೌಶಲ ತರಬೇತಿ ಯೋಜನೆಗಳ ಸರ್ಟಿಫಿಕೇಟ್ ಇದೆ, ಲಕ್ಷಗಟ್ಟಲೆ ಫೀಸು ತೆಗೆದುಕೊಳ್ಳುವ ಖಾಸಗಿ ಅಕಾಡೆಮಿಗಳೂ ಇವೆ. ಅವೆಲ್ಲ ಕಲಿತದ್ದಕ್ಕೆ ಸಿಗುವ ಕಾಗದ. ಅದಿಲ್ಲದಿದ್ದರೆ ಕೆಲಸವನ್ನೇ ಮಾಡುವಂತಿಲ್ಲ ಅನ್ನೋ ಕಾನೂನು ನಮ್ಮಲ್ಲಿಲ್ಲ. ಇರಬೇಕು ಅಂತ ನನಗೂ ಅನ್ನಿಸುತ್ತದೆ, ಅದು ಬೇರೆ ಮಾತು.

ಲೈಸೆನ್ಸ್ ಬೇಕಿರೋದು ಅಂಗಡಿಗೆ. ಪಾಲಿಕೆಯಿಂದ ಟ್ರೇಡ್ ಲೈಸೆನ್ಸ್ ತೆಗೆದುಕೊಳ್ಳಬೇಕು, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಕೆಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು. ಎರಡೂ ಮಾಲೀಕರ ಕೆಲಸ. ಸಂಬಳಕ್ಕೆ ಬಂದ ಹುಡುಗಿ ಇಂಫಾಲದವಳಾದರೂ ಅಷ್ಟೇ, ಹಾಸನದವಳಾದರೂ ಅಷ್ಟೇ, ಅವಳು ಹೋಗಿ ಟ್ರೇಡ್ ಲೈಸೆನ್ಸ್ ಮಾಡಿಸಿಕೊಂಡು ಬರಲು ಆಗಲ್ಲ. ಯಾವ ಕಂಪನಿಯ ಬ್ಲೀಚ್ ತರಿಸಬೇಕು, ಡೇಟ್ ಮುಗಿದ ಡಬ್ಬಿಯನ್ನು ಬಿಸಾಡಬೇಕಾ ಇಲ್ಲಾ ಖಾಲಿ ಆಗೋತನಕ ಬಳಸಬೇಕಾ, ಒಬ್ಬ ಗಿರಾಕಿಗೆ ಎಷ್ಟು ನಿಮಿಷ ಕೊಡಬೇಕು ಅನ್ನೋದನ್ನೂ ಅವಳು ತೀರ್ಮಾನ ಮಾಡಲ್ಲ. ಬ್ಲೀಚಿನಲ್ಲಿ ಇರೋದು ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೆ ಅಮೋನಿಯಾ. ಒಂದು ದಿನ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಬೇಕು ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ಆದರೆ ಬಂದ ಗಿರಾಕಿಯನ್ನು ನಾಳೆ ಬನ್ನಿ ಅಂತ ವಾಪಸ್ ಕಳಿಸಿದರೆ ಸಂಜೆ ಮಾಲೀಕರು ಅವಳನ್ನು ಸುಮ್ನೆ ಬಿಡ್ತಾರಾ?

ನನಗೆ ಸಿಟ್ಟು ಬರೋದು ಇಲ್ಲೇ. "ಆ ಕಡೆಯ ಹುಡುಗಿಯರೇ ಹಾಗೆ" ಅಂತ ನೀವು ಬರೆದ ಕೂಡಲೇ ಮಾಲೀಕರು ಆರಾಮಾಗಿ ಪಾರಾಗುತ್ತಾರೆ. ಅವರು ಮಾಡಬೇಕಾದ್ದು ಇಷ್ಟೇ, ಆ ಹುಡುಗಿಯನ್ನು ಕೆಲಸದಿಂದ ತೆಗೆದು "ಈಗ ನಮ್ಮಲ್ಲಿ ಲೋಕಲ್ ಸ್ಟಾಫ್ ಇದಾರೆ ಮೇಡಂ" ಅನ್ನೋದು. ಡಬ್ಬಿ ಅದೇ ಇರುತ್ತದೆ, ಟವೆಲ್ ಅದೇ ಇರುತ್ತದೆ. ಮುಂದಿನ ವಾರ ಇನ್ನೊಬ್ಬರ ಮುಖ ಸುಡುತ್ತದೆ.

ನಿಮ್ಮ ಮೇಲಿನ ಮನೆಯವರಿಗೆ ನೋವಾಗಿದೆ, ಅದನ್ನು ಹೇಳಿಕೊಳ್ಳೋದರಲ್ಲಿ ತಪ್ಪೇನೂ ಇಲ್ಲ, ನಾಲ್ಕು ಜನಕ್ಕೆ ಗೊತ್ತಾಗಲೇಬೇಕು. ಹೀಗೆ ಬರೆಯಲಿ: "ಇಂಥ ರಸ್ತೆಯ ಇಂಥ ಪಾರ್ಲರ್‌ನಲ್ಲಿ ಶನಿವಾರ ಸಂಜೆ ಬ್ಲೀಚ್ ಮಾಡಿಸಿದೆ. ಮೊದಲು ಹಚ್ಚಿ ನೋಡಲಿಲ್ಲ. ಉರಿ ಅಂದರೂ ಐದು ನಿಮಿಷ ತೊಳೆಯಲಿಲ್ಲ. ಡಬ್ಬಿಯ ಫೋಟೋ ಇದು. ಚರ್ಮದ ಡಾಕ್ಟರ್ ಚೀಟಿ ಇದು. ಅಂಗಡಿಯಲ್ಲಿ ಟ್ರೇಡ್ ಲೈಸೆನ್ಸ್ ಕೇಳಿದೆ, ತೋರಿಸಲಿಲ್ಲ." ಇದರಲ್ಲಿ ಯಾವ ರಾಜ್ಯದ ಹೆಸರೂ ಇಲ್ಲ, ಆದರೂ ಓದಿದವರಿಗೆ ಬೇಕಾದ್ದೆಲ್ಲ ಇದೆ. ಇದನ್ನೇ ಪಾಲಿಕೆಯ ಹೆಲ್ತ್ ಇನ್ಸ್‌ಪೆಕ್ಟರ್‌ಗೂ ಕೊಡಬಹುದು. ದುಡ್ಡು ವಾಪಸ್ ಬೇಕಾದರೆ, ಪರಿಹಾರ ಬೇಕಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅಲ್ಲೂ ಕೇಳೋದು ಅಂಗಡಿ, ಬಿಲ್ಲು, ದಿನಾಂಕ. ಕೆಲಸ ಮಾಡಿದವರ ಊರು ಯಾವುದು ಅಂತ ಅರ್ಜಿಯಲ್ಲಿ ಒಂದು ಕಾಲಮ್ ಕೂಡ ಇರಲ್ಲ.

ಇನ್ನೊಂದು ಮಾತು. ಮುಖ ನೋಡಿ "ನಾರ್ತ್ ಈಸ್ಟ್" ಅಂದುಬಿಡ್ತಾರಲ್ಲ, ಆ ಪಾರ್ಲರ್‌ನಲ್ಲಿ ಒಬ್ಬರು ಮಣಿಪುರದವರು ಇರಬಹುದು, ಒಬ್ಬರು ಡಾರ್ಜಿಲಿಂಗ್‌ನವರು, ಒಬ್ಬರು ನೇಪಾಳದವರು, ಮತ್ತೊಬ್ಬರು ನಮ್ಮ ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದ ಟಿಬೆಟನ್ ಹುಡುಗಿ ಇರಬಹುದು. ಒಬ್ಬರು ಮಾಡಿದ ತಪ್ಪು ಇಷ್ಟೂ ಜನರ ತಲೆಗೆ ಹೋಗುತ್ತದೆ. ಗುಂಪಿನ ಮೆಸೇಜ್ ಅಂದರೆ ಏನು ಮಹಾ ಅಂತ ಅಂದುಕೊಳ್ಳಬೇಡಿ. ಆಗಸ್ಟ್ 2012ರಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಕೆಲವೇ ದಿನಗಳಲ್ಲಿ ಬೆಂಗಳೂರು ಬಿಟ್ಟು ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಕೇಂದ್ರ ಸರ್ಕಾರ ಕೆಲವು ದಿನ ಒಟ್ಟೊಟ್ಟಿಗೆ ಎಸ್ಸೆಮ್ಮೆಸ್ ಕಳಿಸೋದನ್ನೇ ತಡೆಯಬೇಕಾಯಿತು. ಆಗ ಸ್ಟೇಷನ್ನಿನಲ್ಲಿ ಬ್ಯಾಗ್ ಹಿಡಿದು ನಿಂತಿದ್ದವರಲ್ಲಿ ಪಾರ್ಲರ್ ಹುಡುಗಿಯರೂ ಇದ್ದರು, ಸೆಕ್ಯೂರಿಟಿ ಗಾರ್ಡ್‌ಗಳೂ ಇದ್ದರು, ಹೋಟೆಲ್ ಹುಡುಗರೂ ಇದ್ದರು. ಯಾರೋ ಫಾರ್ವರ್ಡ್ ಮಾಡಿದ ನಾಲ್ಕು ಸಾಲು ಇವರೆಲ್ಲರನ್ನೂ ಊರು ಬಿಡಿಸಿತು.

ಪ್ರಶ್ನೆ: ನಾನು ಬೈಯಲ್ಲ, ಹೊಗಳ್ತೀನಿ. "ಆ ಹುಡುಗಿಯರ ಕೈ ಮೃದು, ಹುಟ್ಟಿನಿಂದಲೇ ಬಂದಿರುತ್ತೆ, ನಮ್ಮವರಿಗೆ ಬರಲ್ಲ" ಅಂತ. ಇದೂ ತಪ್ಪಾ?
– ಗೃಹಿಣಿ, ಶಿವಮೊಗ್ಗ

ಉತ್ತರ: ಒಳ್ಳೆ ಮನಸ್ಸಿಂದ ಹೇಳ್ತೀರಿ, ಗೊತ್ತು. ಆದರೆ ಹುಟ್ಟಿನಿಂದ ಯಾರಿಗೂ ಪೆಡಿಕ್ಯೂರ್ ಬರಲ್ಲ. ಅವಳು ಎಲ್ಲೋ ಫೀಸು ಕಟ್ಟಿ ಕಲಿತಿದ್ದಾಳೆ, ತಿಂಗಳುಗಟ್ಟಲೆ ಸೀನಿಯರ್ ಪಕ್ಕ ನಿಂತು ನೋಡಿದ್ದಾಳೆ, ದಿನಕ್ಕೆ ಹತ್ತು ಗಂಟೆ ನಿಂತು ಕಾಲು ನೋವು ಬರಿಸಿಕೊಂಡಿದ್ದಾಳೆ. ಹುಟ್ಟಿನಿಂದ ಬಂದದ್ದು ಅಂದುಬಿಟ್ಟರೆ ಆ ಕಲಿಕೆಗೆ ಬೆಲೆ ಇಲ್ಲದಂತಾಗುತ್ತದೆ, ಸಂಬಳ ಏರಿಸೋದು ಯಾಕೆ ಅಂತ ಮಾಲೀಕರಿಗೂ ಅನ್ನಿಸುತ್ತದೆ. ನಮ್ಮ ಹುಡುಗಿಯರಿಗೂ ಅನ್ಯಾಯ. ಉಜಿರೆಯ ರುಡ್‌ಸೆಟ್‌ನಲ್ಲಿ, ಅದೇ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ನಡೆಯುವ ಸಂಸ್ಥೆಗಳಲ್ಲಿ ಬ್ಯೂಟಿ ಪಾರ್ಲರ್ ತರಬೇತಿಯನ್ನು ಊಟ, ವಸತಿ ಸಮೇತ ಉಚಿತವಾಗಿ ಕೊಡ್ತಾರೆ. ಹಳ್ಳಿಯಿಂದ ಬಂದು ಕಲಿತು ಸ್ವಂತ ಅಂಗಡಿ ಹಾಕಿದವರು ಎಷ್ಟೋ ಜನ ಇದ್ದಾರೆ. ಅವರ ಕೈ ಏನು ಒರಟಾ?

ಹೊಗಳಿಕೆ ಮಗುಚಿ ಬೀಳೋದಕ್ಕೆ ಜಾಸ್ತಿ ಹೊತ್ತು ಬೇಡ. ಹಿಂದೆ ಕೋಲ್ಕತ್ತ, ಬೆಂಗಳೂರಿನಂಥ ಊರುಗಳಲ್ಲಿ ಚೀನೀ ಮೂಲದ ಭಾರತೀಯ ಕುಟುಂಬಗಳು ಪಾರ್ಲರ್ ನಡೆಸುತ್ತಿದ್ದವು, ಹೇರ್‌ಕಟ್ ಅಂದರೆ ಅವರೇ ಅನ್ನುವಷ್ಟು ಹೆಸರಿತ್ತು. 1962ರಲ್ಲಿ ಚೀನಾ ಜೊತೆ ಯುದ್ಧ ಬಂದಾಗ ಅದೇ ಸಮುದಾಯದ ಸಾವಿರಾರು ಜನರನ್ನು, ಅವರಲ್ಲಿ ಹೆಚ್ಚಿನವರು ಅಸ್ಸಾಂ, ಬಂಗಾಳದ ಕಡೆಯವರು, ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದರು. ಮಕ್ಕಳು, ಮುದುಕರು ಅಂತಲೂ ನೋಡಲಿಲ್ಲ. ಹಾಗಾಗಿ ಹೊಗಳುವಾಗ ಆ ಹುಡುಗಿಯ ಹೆಸರು ಕೇಳಿ, ಹೆಸರು ಹಿಡಿದು ಹೊಗಳಿ. ಮಾಲೀಕರ ಮುಂದೆ ಹೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಇಲ್ಲಿ ನಮ್ಮ ಕನ್ನಡದ ಗೆಳತಿಯರು "ವಿಯೆಟ್ನಾಮಿನವರ ನೇಲ್ ಸಲೂನ್‌ಗೆ ಹೋಗಬೇಡ, ಕೊಳಕು, ಅರ್ಧ ಜನಕ್ಕೆ ಲೈಸೆನ್ಸೇ ಇರಲ್ಲ" ಅಂತಾರೆ. ನನಗೆ ಕೇಳೋಕೆ ಹಿಂಸೆ ಆಗುತ್ತೆ. ಆದರೆ ಇಲ್ಲಿ ಲೈಸೆನ್ಸ್ ನಿಜವಾಗಿಯೂ ಕಡ್ಡಾಯ. ಏನು ಹೇಳಲಿ ಅಕ್ಕ?
– ಓದುಗರು, ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ

ಉತ್ತರ: ನಿಮ್ಮಲ್ಲಿ ಪರೀಕ್ಷೆ ಮಾಡೋದು ನಮಗಿಂತ ಸುಲಭ. ಕ್ಯಾಲಿಫೋರ್ನಿಯಾದಲ್ಲಿ ಉಗುರಿನ ಕೆಲಸಕ್ಕೆ 400 ಗಂಟೆ ತರಬೇತಿ, ಪರೀಕ್ಷೆ, ಆಮೇಲೆ ಲೈಸೆನ್ಸ್. ಅದನ್ನು ಕೆಲಸ ಮಾಡುವ ಜಾಗದಲ್ಲೇ ಕಾಣುವ ಹಾಗೆ ಹಾಕಿರಬೇಕು. ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ಕೇಳಿ, ತೋರಿಸದಿದ್ದರೆ ಎದ್ದು ಬನ್ನಿ, ಈ ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡಿಗೆ ದೂರು ಕೊಡಿ. ಎದುರಿಗೆ ಕೂತವರು ಯಾರೇ ಆಗಿರಲಿ ಇದೇ ಕ್ರಮ. ಗೋಡೆ ಮೇಲೆ ಉತ್ತರ ಇರುವಾಗ ಮುಖ ನೋಡಿ ಊಹೆ ಮಾಡೋದು ಯಾಕೆ?

ಅಲ್ಲಿ ಈ ಕೆಲಸಕ್ಕೆ ವಿಯೆಟ್ನಾಮಿನವರು ಇಷ್ಟೊಂದು ಬಂದದ್ದಕ್ಕೆ ಒಂದು ಕಥೆ ಇದೆ, ನಿಮ್ಮ ಗೆಳತಿಯರಿಗೆ ಹೇಳಿ. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಬಿದ್ದ ಮೇಲೆ ನಿರಾಶ್ರಿತರಾಗಿ ಬಂದ ಹೆಂಗಸರು ಸ್ಯಾಕ್ರಮೆಂಟೋ ಹತ್ತಿರದ ಹೋಪ್ ವಿಲೇಜ್ ಅನ್ನೋ ಶಿಬಿರದಲ್ಲಿ ಇದ್ದರು. ಅಲ್ಲಿಗೆ ಬರುತ್ತಿದ್ದ ಹಾಲಿವುಡ್ ನಟಿ ಟಿಪ್ಪಿ ಹೆಡ್ರನ್ ಅವರ ಉಗುರಿನ ಅಂದ ನೋಡಿ ಅವರೆಲ್ಲ ಮೆಚ್ಚಿಕೊಂಡರಂತೆ. ಆಕೆ ತನ್ನ ಮ್ಯಾನಿಕ್ಯೂರಿಸ್ಟ್ ಅನ್ನೇ ಕರೆಸಿ 20 ಹೆಂಗಸರಿಗೆ ಕೆಲಸ ಕಲಿಸುವ ಏರ್ಪಾಡು ಮಾಡಿದರು, ಅವರು ಬ್ಯೂಟಿ ಸ್ಕೂಲಿಗೆ ಹೋಗಿ ಲೈಸೆನ್ಸ್ ಪಡೆದರು. ಅಂದರೆ ಶುರುವೇ ಲೈಸೆನ್ಸಿನಿಂದ. ಆಮೇಲೆ ಅಕ್ಕ ತಂಗಿಗೆ ಕಲಿಸಿದಳು, ತಂಗಿ ನಾದಿನಿಗೆ. ಇಂಗ್ಲಿಷ್ ಜಾಸ್ತಿ ಬೇಡದ, ಕಡಿಮೆ ಬಂಡವಾಳದ ಕೆಲಸ ಅಂತ ಸಮುದಾಯವೇ ಅದರಲ್ಲಿ ನೆಲೆ ನಿಂತಿತು.

ಕೊಳಕು ಸಲೂನ್ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. 2000ದಲ್ಲಿ ನಿಮ್ಮೂರಿಗೆ ಹತ್ತಿರದ ವಾಟ್ಸನ್‌ವಿಲ್‌ನಲ್ಲಿ ಒಂದೇ ನೇಲ್ ಸಲೂನ್‌ಗೆ ಹೋದ ನೂರಕ್ಕೂ ಹೆಚ್ಚು ಜನರ ಕಾಲಿನಲ್ಲಿ ಕುರು ಎದ್ದವು. ತನಿಖೆ ಮಾಡಿದವರು ಕಾಲು ನೆನೆಸುವ ತೊಟ್ಟಿಗಳನ್ನು ಬಿಚ್ಚಿ ನೋಡಿದರು. ನೀರು ಎಳೆದುಕೊಳ್ಳುವ ಜಾಲರಿಯ ಹಿಂದೆ ಕೂದಲು, ಚರ್ಮದ ಚೂರು ಕಟ್ಟಿಕೊಂಡಿತ್ತು, ಅದರಲ್ಲಿ ಮೈಕೋಬ್ಯಾಕ್ಟೀರಿಯಂ ಜಾತಿಯ ಬ್ಯಾಕ್ಟೀರಿಯಾ ಬೆಳೆದಿತ್ತು. ಹೋಗುವ ಮುಂಚೆ ಕಾಲಿನ ಕೂದಲು ಶೇವ್ ಮಾಡಿಕೊಂಡವರಿಗೆ ಸೋಂಕು ಜಾಸ್ತಿ ಅಂಟಿತ್ತು. ಆಮೇಲೆ ಕ್ಯಾಲಿಫೋರ್ನಿಯಾ ಏನು ಮಾಡಿತು? ತೊಟ್ಟಿಯನ್ನು ಹೇಗೆ ತೊಳೆಯಬೇಕು, ಯಾವಾಗ ತೊಳೆದಿರಿ ಅಂತ ಪುಸ್ತಕದಲ್ಲಿ ಹೇಗೆ ಬರೆದಿಡಬೇಕು ಅಂತ ನಿಯಮ ತಂದಿತು. ಜಾಲರಿ ಹಿಂದೆ ಕೈ ಹಾಕಿ ನೋಡಿದ್ದಕ್ಕೆ ಕಾರಣ ಸಿಕ್ಕಿತು. ಮಾಡುವವರ ದೇಶ ಯಾವುದು ಅಂತ ಮಾತಾಡಿಕೊಂಡು ಕೂತಿದ್ದರೆ ಇವತ್ತಿಗೂ ಸಿಗುತ್ತಿರಲಿಲ್ಲ. ನೀವು ಆ ಪುಸ್ತಕ ತೋರಿಸಿ ಅಂತ ಕೇಳಬಹುದು. ಆ ವಾರ ಕಾಲು ಶೇವ್ ಮಾಡಿಕೊಂಡು ಹೋಗಬೇಡಿ.

ಇನ್ನು ನಮ್ಮವರ ವಿಷಯ. ಟೆಕ್ಸಾಸ್‌ನಲ್ಲಿ ಒಂದು ಕಾಲಕ್ಕೆ "ಲೈಸೆನ್ಸ್ ಇಲ್ಲದೆ ಕೆಲಸ ಮಾಡುವವರು" ಅಂತ ದಂಡ ಹಾಕಿಸಿಕೊಂಡವರು ಹುಬ್ಬಿಗೆ ಥ್ರೆಡಿಂಗ್ ಮಾಡುವವರು, ಅಂದರೆ ನಮ್ಮ ಕಡೆಯವರೇ. ಬರೀ ದಾರ ಹಿಡಿದು ಮಾಡುವ ಕೆಲಸಕ್ಕೆ 750 ಗಂಟೆ ಕೋರ್ಸ್ ಬೇಕು ಅಂತ ರಾಜ್ಯ ಹೇಳಿತ್ತು. ಅವರು ಕೋರ್ಟಿಗೆ ಹೋದರು. ಅದರಲ್ಲಿ ಸುಮಾರು 320 ಗಂಟೆಗಳ ಪಾಠಕ್ಕೂ ಥ್ರೆಡಿಂಗ್‌ಗೂ ಸಂಬಂಧವೇ ಇಲ್ಲ ಅನ್ನೋದು ಹೊರಬಂತು, 2015ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಆಗ ಯಾರಾದರೂ "ಇಂಡಿಯನ್ನರೇ ಹೀಗೆ, ಕಾನೂನು ಪಾಲಿಸಲ್ಲ" ಅಂದಿದ್ದರೆ ನಿಮ್ಮ ಗೆಳತಿಯರಿಗೆ ಹೇಗನಿಸುತ್ತಿತ್ತು? ನಿಮ್ಮ ರಾಜ್ಯದಲ್ಲಿ ಥ್ರೆಡಿಂಗ್‌ಗೆ ಲೈಸೆನ್ಸ್ ಬೇಡ, ಆದರೆ ವ್ಯಾಕ್ಸಿಂಗ್, ಫೇಶಿಯಲ್‌ಗೆ ಬೇಕು. ಮನೆಯಲ್ಲೇ ವ್ಯಾಕ್ಸಿಂಗ್ ಮಾಡಿಕೊಡುವ ನಮ್ಮೂರಿನ ಆಂಟಿಯರ ಹತ್ತಿರ ಹೋಗುವಾಗ ಯಾರೂ ಲೈಸೆನ್ಸ್ ಕೇಳಲ್ಲ. "ಪಾಪ, ಮನೇಲಿ ಕೂತು ನಾಲ್ಕು ಕಾಸು ಮಾಡ್ಕೋತಾರೆ" ಅಂತಾರೆ. ಆ ಮರುಕ ಒಳ್ಳೆಯದೇ. ವಿಯೆಟ್ನಾಮಿನ ಹೆಂಗಸಿಗೂ ಅದೇ ಮರುಕ ಇರಲಿ, ನಮ್ಮ ಆಂಟಿಗೂ ಅದೇ ಪ್ರಶ್ನೆ ಇರಲಿ.

ಪ್ರಶ್ನೆ: ನಾವು ಮೂರು ತಲೆಮಾರಿನಿಂದ ಕ್ಷೌರದ ಅಂಗಡಿ ನಡೆಸಿದವರು. ಈಗ ಯುಪಿ ಕಡೆಯ ಹುಡುಗರು ಬಂದು ಬೀದಿಗೊಂದು ಸಲೂನ್ ಹಾಕ್ಯಾರ. ಅರ್ಧ ರೇಟಿಗೆ ಮಾಡ್ತಾರ. ಅವರ ಹತ್ರ ಲೈಸೆನ್ಸ್ ಇಲ್ಲ, ಸ್ವಚ್ಛತಾ ಇಲ್ಲ ಅಂತ ಪಾಂಪ್ಲೆಟ್ ಹಂಚಬೇಕು ಅಂತ ಮಾಡೇವಿ. ಅದರಾಗ ತಪ್ಪೇನ್ರಿ?
– ಸಲೂನ್ ಮಾಲೀಕರು, ಹುಬ್ಬಳ್ಳಿ

ಉತ್ತರ: ಅಣ್ಣಾ, ನಿಮ್ಮ ಹೊಟ್ಟೆಪಾಡಿನ ಸಂಕಟ ನಿಜ, ಅದನ್ನು ನಾನು ಸಣ್ಣದು ಅನ್ನಲ್ಲ. ಪಾಂಪ್ಲೆಟ್ ಮಾಡಿ. ಆದರೆ ಅದರಲ್ಲಿ ನಿಮ್ಮ ಅಂಗಡಿಯ ಬಗ್ಗೆ ಬರೆಯಿರಿ. ಪ್ರತಿ ಗಿರಾಕಿಗೆ ಹೊಸ ಬ್ಲೇಡ್, ಕಣ್ಣೆದುರೇ ಕವರ್ ಹರಿದು ಹಾಕುತ್ತೇವೆ, ಒಗೆದ ಟವೆಲ್, ಟ್ರೇಡ್ ಲೈಸೆನ್ಸ್ ಗೋಡೆಗೆ ಇದೆ, ಬಂದು ನೋಡಿ ಅಂತ. ಒಬ್ಬರ ಗಾಯಕ್ಕೆ ತಾಗಿದ ಬ್ಲೇಡ್ ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಸಿ ಹರಡಬಹುದು ಅನ್ನೋದನ್ನೂ ಬರೆಯಿರಿ, ಜನಕ್ಕೆ ಗೊತ್ತಾಗಲಿ. ಪಕ್ಕದ ಯಾವುದೋ ಅಂಗಡಿಗೆ ಲೈಸೆನ್ಸ್ ಇಲ್ಲ ಅಂತ ಖಚಿತವಾಗಿ ಗೊತ್ತಿದ್ದರೆ ಆ ಅಂಗಡಿಯ ವಿಳಾಸ ಹಾಕಿ ಪಾಲಿಕೆಗೆ ಅರ್ಜಿ ಕೊಡಿ. ನಿಮ್ಮವರದ್ದೇ ಅಂಗಡಿಗೆ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿಕೊಳ್ಳಿ, ಯಾಕಂದರೆ ಇನ್ಸ್‌ಪೆಕ್ಟರ್ ಬಂದರೆ ಬೀದಿಯ ಎಲ್ಲ ಅಂಗಡಿಗೂ ಬರುತ್ತಾರೆ.

"ಯುಪಿಯವರು" ಅಂತ ಮಾತ್ರ ಬರೆಯಬೇಡಿ, ಅವರ ಧರ್ಮವನ್ನಂತೂ ಎತ್ತಲೇಬೇಡಿ. ನಿಮಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುಲಕಸುಬಿನ ಹೆಸರನ್ನೇ ಬೈಗುಳ ಮಾಡಿ ನಿಮ್ಮ ಸಮಾಜದವರನ್ನು ಎಷ್ಟು ನೋಯಿಸಿದ್ದಾರೆ, ಬೆಳಿಗ್ಗೆ ಎದುರಿಗೆ ಬಂದರೆ ಅಪಶಕುನ ಅಂದವರು ಮಧ್ಯಾಹ್ನ ಅದೇ ಕುರ್ಚಿಯಲ್ಲಿ ತಲೆ ಬಗ್ಗಿಸಿ ಕೂತಿದ್ದನ್ನು ನಿಮ್ಮ ಅಜ್ಜ ನೋಡಿರುತ್ತಾರೆ. ರೇಟಿನ ಪ್ರಶ್ನೆ ಬೇರೆ. ಅದಕ್ಕೆ ಬೀದಿಯ ಎಲ್ಲ ಅಂಗಡಿಯವರೂ, ಆ ಹುಡುಗರನ್ನೂ ಸೇರಿಸಿಕೊಂಡು, ಕೂತು ಒಂದು ಕನಿಷ್ಠ ದರ ಮಾತಾಡಿಕೊಳ್ಳಿ. ಆ ಹುಡುಗರಲ್ಲಿ ಬಹಳ ಜನ ಯಾರದ್ದೋ ಅಂಗಡಿಯಲ್ಲಿ ಕಮಿಷನ್‌ಗೆ ದುಡಿಯುವವರು. ಕಡಿಮೆ ರೇಟಿನಿಂದ ಅವರೂ ಸೊರಗುತ್ತಿದ್ದಾರೆ.

ಪ್ರಶ್ನೆ: ನಾನು ಪತ್ರಿಕೋದ್ಯಮ ವಿದ್ಯಾರ್ಥಿನಿ. ಸ್ಪಾ ಮೇಲೆ ಪೊಲೀಸ್ ದಾಳಿ ಆದರೆ "ಈಶಾನ್ಯದ ಐವರು ಯುವತಿಯರು" ಅಂತ ಹೆಡ್ಡಿಂಗ್ ಕೊಡೋದು ಸರಿಯೇ? ಪೊಲೀಸರ ಪ್ರಕಟಣೆಯಲ್ಲೇ ಹಾಗಿರುತ್ತದೆ.
– ಮೈಸೂರು

ಉತ್ತರ: ಪ್ರಕಟಣೆಯಲ್ಲಿ ಇದ್ದದ್ದನ್ನೆಲ್ಲ ಹಾಕಬೇಕಿಲ್ಲ. ಆ ಊರಿನ ಹೆಸರು ತೆಗೆದರೆ ಸುದ್ದಿಯಲ್ಲಿ ಏನಾದರೂ ಕಡಿಮೆ ಆಗುತ್ತದಾ ನೋಡಿ. ಕಡಿಮೆ ಆಗದಿದ್ದರೆ ತೆಗೆಯಿರಿ. ದೂರದ ಊರಿಂದ ಸುಳ್ಳು ಹೇಳಿ ಕರೆತಂದಿದ್ದರು ಅನ್ನೋದು ಪ್ರಕರಣದ ಭಾಗವಾಗಿದ್ದರೆ ಆಗ ಊರು ಬೇಕಾಗುತ್ತದೆ, ಅದೂ ಒಳಗಿನ ಸಾಲಿನಲ್ಲಿ. ಮುಖ ಮುಚ್ಚಿಕೊಂಡ ಹುಡುಗಿಯರ ಫೋಟೋ ಬೇಡ. ಕಟ್ಟಡ ಯಾರದ್ದು, ಸ್ಪಾ ಯಾರ ಹೆಸರಿನಲ್ಲಿತ್ತು, ಲೈಸೆನ್ಸ್ ಕೊಟ್ಟವರು ಯಾರು ಅಂತ ಕೇಳಿ ಬರೆಯಿರಿ. ಕನ್ನಡ ಪತ್ರಿಕೆಗಳಲ್ಲಿ ಅದನ್ನು ಓದಿ ಬಹಳ ಕಾಲ ಆಯಿತು.

ಲೈಸೆನ್ಸ್ ಬಗ್ಗೆಯೇ ದೊಡ್ಡ ಸುದ್ದಿ ಬೇಕಾದರೆ ಇನ್ನೊಂದು ಇದೆ. ಮುಖದ ಸುಕ್ಕು ಹೋಗಿಸಲು ಬೊಟಾಕ್ಸ್, ಫಿಲ್ಲರ್ ಅಂತ ಪಾರ್ಲರ್‌ಗಳಲ್ಲಿ ಸೂಜಿ ಚುಚ್ಚುವುದು. ಅದು ಡಾಕ್ಟರ್ ಮಾಡಬೇಕಾದ ಕೆಲಸ, ಅಂಥ ಜಾಗ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಕೆಳಗೆ ನೋಂದಣಿ ಆಗಿರಬೇಕು. ಕೂದಲು ಕಸಿ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಬೆಳ್ಳಗಾಗುವ ಕ್ರೀಮಿನ ಹೆಸರಿನಲ್ಲಿ ಹಚ್ಚುವ ಸ್ಟೀರಾಯ್ಡ್‌ಗಳನ್ನು 2018ರಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ ಅಂತ ಮಾಡಿದರು, ಆದರೂ ಸಿಗುತ್ತಿವೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಬೆಳ್ಳಗಾಗಲು ಪಾದರಸ ಇದ್ದ ಕೆಲವು ಕ್ರೀಮ್ ಹಚ್ಚಿಕೊಂಡವರ ಕಿಡ್ನಿ ಹಾಳಾಗಿದ್ದನ್ನು ವೈದ್ಯರು ಪತ್ತೆ ಮಾಡಿದರು. ಇಲ್ಲೆಲ್ಲ ದುಡ್ಡು ಮಾಡುತ್ತಿರುವವರು ಹತ್ತು ಹದಿನೈದು ಸಾವಿರ ಸಂಬಳದ ಹುಡುಗಿಯರಲ್ಲ.

ಪ್ರಶ್ನೆ: ನಾನು ಮಣಿಪುರದವಳು, ಬೆಂಗಳೂರಿಗೆ ಬಂದು ಕೆಲವು ವರ್ಷ ಆಯಿತು. ಕನ್ನಡ ಮಾತಾಡ್ತೀನಿ, ಇದನ್ನು ನನ್ನ ಸಹೋದ್ಯೋಗಿ ಬರೆದುಕೊಟ್ಟಿದ್ದಾರೆ. ಕೆಲವು ಕಸ್ಟಮರ್ ನನ್ನ ಹತ್ತಿರ ಮಾತ್ರ ಸರ್ಟಿಫಿಕೇಟ್ ಕೇಳ್ತಾರೆ. ಪಕ್ಕದಲ್ಲಿರುವ ಕನ್ನಡದ ಹುಡುಗಿ ಸೇರಿ ಇನ್ನೂ ಆರು ತಿಂಗಳಾಗಿಲ್ಲ, ಅವಳನ್ನು ಕೇಳಲ್ಲ. ಒಬ್ಬರು ಕಣ್ಣಿನ ಬಗ್ಗೆ ಕೆಟ್ಟ ಹೆಸರಿಟ್ಟು ಕರೆದರು. ಏನು ಮಾಡಲಿ?
– ಕೋರಮಂಗಲ

ಉತ್ತರ: ತಂಗಿ, ಪತ್ರ ಬರೆಸಿ ಕಳಿಸಿದ್ದು ಒಳ್ಳೆಯದಾಯಿತು. ಸರ್ಟಿಫಿಕೇಟ್ ಕೇಳೋದು ಗಿರಾಕಿಯ ಹಕ್ಕು, ಆದರೆ ನಿಮ್ಮೊಬ್ಬರನ್ನೇ ಕೇಳೋದು ಅವಮಾನ. ಇದನ್ನು ನೀವು ಒಬ್ಬರೇ ಎದುರಿಸಬೇಕಾಗಿಲ್ಲ. ಮುಂದಿನ ಸಲ ಕೇಳಿದರೆ "ರಿಸೆಪ್ಷನ್‌ನಲ್ಲಿ ಎಲ್ಲರದ್ದೂ ಇದೆ ಮೇಡಂ, ಅಲ್ಲಿ ಕೇಳಿ" ಅಂತ ಹೇಳಿ. ಉತ್ತರ ಕೊಡೋದು ಅಂಗಡಿಯ ಕೆಲಸ.

ಆ ಬೈಗುಳದ ವಿಷಯ ಸಣ್ಣದಲ್ಲ. ದೆಹಲಿಯಲ್ಲಿ 2014ರಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಅವರ ಕೂದಲು, ರೂಪ ನೋಡಿ ಆಡಿಕೊಂಡದ್ದರಿಂದ ಶುರುವಾದ ಜಗಳ, ಹೊಡೆತ ತಿಂದ ಅವರ ಸಾವಿನಲ್ಲಿ ಮುಗಿಯಿತು. ಅದಾದ ಮೇಲೆಯೇ ಈಶಾನ್ಯದವರ ತೊಂದರೆಗಳನ್ನು ನೋಡಲು ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿದ್ದು. 2012ರಲ್ಲೇ ಗೃಹ ಇಲಾಖೆ ರಾಜ್ಯಗಳಿಗೆ ಬರೆದಿತ್ತು, ಈಶಾನ್ಯದ ಪರಿಶಿಷ್ಟ ಪಂಗಡದವರನ್ನು ಹೀಗೆ ಹೀಯಾಳಿಸಿದರೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸು ಹಾಕಿ ಅಂತ. ಕೋವಿಡ್ ಶುರುವಾದಾಗ ನಿಮ್ಮ ಕಡೆಯವರನ್ನು ವೈರಸ್ ಹೆಸರಿಟ್ಟು ಕರೆದರಲ್ಲ, ಆಗ ಮಾರ್ಚ್ 2020ರಲ್ಲಿ ಮತ್ತೊಮ್ಮೆ ಬರೆದರು. ಮತ್ತೆ ಯಾರಾದರೂ ಹಾಗೆ ಕರೆದರೆ ದಿನ, ಸಮಯ, ಜೊತೆಗಿದ್ದವರ ಹೆಸರು ಬರೆದಿಟ್ಟುಕೊಳ್ಳಿ. ಬೆದರಿಕೆ ಅನ್ನಿಸಿದರೆ ತಡ ಮಾಡದೆ 112ಕ್ಕೆ ಫೋನ್ ಮಾಡಿ. ಪತ್ರ ಬರೆದುಕೊಟ್ಟ ನಿಮ್ಮ ಸಹೋದ್ಯೋಗಿಗೆ ನನ್ನದೊಂದು ಮಾತು: ಅಂಥ ಸಮಯದಲ್ಲಿ ಮೊದಲು ಬಾಯಿ ಬಿಡಬೇಕಾದವರು ನೀವು, ನಿಮ್ಮ ಮಾತನ್ನು ಆ ಗಿರಾಕಿ ಕೇಳುತ್ತಾರೆ.

ಮತ್ತೆ ಈ ಪುಟವನ್ನು ನಿಮ್ಮ ಮಾಲೀಕರಿಗೆ ತೋರಿಸಿ. ಸರ್ಟಿಫಿಕೇಟ್ ಗೋಡೆಗೆ ಹಾಕೋದಾದರೆ ಸ್ಟಾಫ್ ಎಲ್ಲರದ್ದೂ ಹಾಕಲಿ, ಪಕ್ಕದಲ್ಲೇ ಅಂಗಡಿಯ ಟ್ರೇಡ್ ಲೈಸೆನ್ಸೂ ಇರಲಿ. ಕಲಿಯುತ್ತಿರುವವರಿಗೆ "ಟ್ರೈನಿ" ಅಂತ ಬ್ಯಾಡ್ಜ್ ಕೊಡಲಿ, ಅವರು ಎಲ್ಲಿಯವರೇ ಆಗಿರಲಿ.